ಹಾಲು ಬಿದ್ದ ಕಲೆ

ಎಂಬತ್ಮೂರನೆಯ ಇಸವಿ. ಶಿವರಾತ್ರಿ ಕಳೆದ ಎರಡನೆಯ ದಿನ ರೇಣುಕವ್ವನ ಬಲಗಣ್ಣಿಗೆ ಮೊದಲ ಸಲ ಪರದೆ ಬಿತ್ತು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು, ಹರಿದ ಎಳೆಯೊಂದನ್ನು ಗಂಟು ಹಾಕುತ್ತಿದ್ದಳು. ಯಾರೋ ಮೇಲಿನಿಂದ ಕರಿ ಅರಿವೆ ಇಳಿಬಿಟ್ಟಂತೆ ಕಪ್ಪು ನಿಧಾನವಾಗಿ ಕೆಳಗೆ ಬಂತು. ನೋವಿರಲಿಲ್ಲ, ಉರಿ ಇರಲಿಲ್ಲ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ನೋಡಿದಳು. ಹಗಲು ಹನ್ನೊಂದು ಗಂಟೆ, ಆದರೂ ಎದುರಿನ ಕಿಟಕಿ ಕಾಣಲಿಲ್ಲ. ಅಷ್ಟರಲ್ಲೇ ಕಪ್ಪು ಬಂದ ದಾರಿಯಲ್ಲಿಯೇ ಮೇಲಕ್ಕೆ ಸರಿಯಿತು. ಕಿಟಕಿ, ಎಳೆ, ಲಾಳಿ ಎಲ್ಲ ಮೊದಲಿನಂತೆ ಕಂಡವು.

"ಗ್ವಾಡಿ ನೋಡಕೋತ ಕುಂತ್ರ ಲಾಳಿ ತಾನ ಓಡತೈತೇನು?" ರಾಟಿಯ ಮುಂದೆ ಕುಳಿತಿದ್ದ ಅತ್ತೆ ಸುಮಿತ್ರವ್ವ ಕೇಳಿದಳು.

"ಒಂದ ಕಣ್ಣಿಗೆ ಕತ್ತಲಿ ಬಂದಂಗಾತ್ರಿ ಅತ್ತಿ."

"ನನಗ ಐವತ್ತೆಂಟಾದ್ವು. ನನಗ ಬರದ ಕತ್ತಲಿ ನಿನಗ ಬಂತು?"

ರೇಣುಕವ್ವನಿಗೆ ಆಗ ಇಪ್ಪತ್ತಾರು. ಡೋಣಿಯ ಒಕ್ಕಲುತನದ ಮನೆಯಿಂದ ಬೆಟಗೇರಿಯ ಈ ನೇಕಾರರ ಮನೆಗೆ ಬಂದು ಐದು ವರ್ಷವಾಗಿತ್ತು. ಪಡಸಾಲೆಯಲ್ಲಿ ಎರಡು ಮಗ್ಗ. ಒಂದು ಮಾವ ಪುಂಡಲೀಕಪ್ಪನದು, ಇನ್ನೊಂದು ಗಂಡ ಚನ್ನಬಸವಣ್ಣನದು. ಗಂಡ ನೂಲು ತರಲು, ಸೀರೆ ಮುಟ್ಟಿಸಲು ಗದಗಿಗೆ ಹೋದರೆ ಅವನ ಮಗ್ಗದಲ್ಲಿ ರೇಣುಕವ್ವ ಕೂಡುತ್ತಿದ್ದಳು. ನೇಯುವುದನ್ನು ಈ ಮನೆಗೆ ಬಂದ ಮೇಲೆ ಕಲಿತವಳು, ಆದರೂ ಕೈ ಚುರುಕು. ಮೂರು ವರ್ಷದ ಮಗಳು ನೀಲವ್ವ ಅಜ್ಜಿಯ ರಾಟಿಯ ಹತ್ತಿರ ನೂಲು ಸುತ್ತಿದ ಕಂಡಿಕೆಗಳನ್ನು ಸಾಲಾಗಿ ಜೋಡಿಸಿ ಆಡುತ್ತಿತ್ತು.

ಎರಡು ವಾರದಲ್ಲಿ ಪರದೆ ನಾಲ್ಕು ಸಲ ಬಿದ್ದು ಎದ್ದಿತು. ಒಮ್ಮೆ ರೊಟ್ಟಿ ಬಡಿಯುವಾಗ, ಒಮ್ಮೆ ನಳದ ಮುಂದೆ ಸಾಲಿನಲ್ಲಿ ನಿಂತಾಗ. ಬೆಟಗೇರಿಯಲ್ಲಿ ನೀರು ಬಿಡುವುದೇ ನಾಲ್ಕೈದು ದಿನಕ್ಕೊಮ್ಮೆ. ಅಂಥದೊಂದು ದಿನ ಎಡಗೈ ಜೋಮು ಹಿಡಿದು ತುಂಬಿದ ಕೊಡ ಕೈಬಿಟ್ಟಿತು. ಕಟ್ಟೆಗೆ ಬಡಿದು ಕೊಡದ ಬಾಯಿ ಜಜ್ಜಿತು, ನೀರು ಓಣಿಯ ತುಂಬ ಹರಿಯಿತು. ಅದೇ ವಾರ ಅಂಗಡಿಯವರು ಅವಳು ನೇಯ್ದ ಒಂದು ಸೀರೆಯನ್ನು ಹಿಂದಕ್ಕೆ ಕಳಿಸಿದರು. ದಡಿಯ ಹತ್ತಿರ ಎರಡು ಕಡೆ ಎಳೆ ತಪ್ಪಿತ್ತು.

ಸಂಜೆ ಊಟಕ್ಕೆ ಕುಳಿತಾಗ ಪುಂಡಲೀಕಪ್ಪ ಪುಂಡಿಪಲ್ಯದಲ್ಲಿ ರೊಟ್ಟಿ ಅದ್ದುತ್ತ, "ಆಕಿ ಕಣ್ಣು ಯಾರಿಗರ ತೋರಸ್ರಿ" ಎಂದ.

"ನೀರ ಬಿಡೋ ದಿನಾನ ಆಕಿ ಕಣ್ಣಿಗೆ ಕತ್ತಲಿ ಬರತೈತಿ, ನೋಡೀರೇನು?" ಸುಮಿತ್ರವ್ವ ಗಂಡನಿಗೇ ತಿರುಗಿ ಕೇಳಿದಳು. "ನಿದ್ದಿ ಬರತೈತಿ, ಊಟ ಹೋಕ್ಕೈತಿ. ಕಣ್ಣ ಅಷ್ಟ ಕಾಣಾಂಗಿಲ್ಲ. ಅದೂ ಒಂದ ಕಣ್ಣು, ಅದೂ ಐದ ನಿಮಿಷ. ಇಂಥಾ ಬ್ಯಾನಿ ನಾ ಕೇಳೇ ಇಲ್ಲ."

"ಸೋಗು ಮಾಡಿ ಏನ ಗಳಸೋದೈತಿ ಆಕಿಗೆ? ನೀ ಸುಮ್ನಿರ ಬೇ" ಎಂದ ಚನ್ನಬಸವಣ್ಣ.

"ಬಂತ ನೋಡು! ಹೆಣ್ತಿ ಕಡೆ ಹೊಂಟ."

ರೇಣುಕವ್ವ ಒಲೆಯ ಮುಂದಿನಿಂದ ಏಳಲಿಲ್ಲ. ಎಲ್ಲರ ಊಟವಾದ ಮೇಲೆ ಉಳಿದ ಅರ್ಧ ರೊಟ್ಟಿಗೆ ಹಿಂಡಿ ಹಚ್ಚಿಕೊಂಡು ತಿಂದಳು.

ಮುಂದಿನ ಸೋಮವಾರ ಗದಗಿನ ಒಬ್ಬ ಕಣ್ಣಿನ ಡಾಕ್ಟರರ ಹತ್ತಿರ ಹೋದರು. ಸುಮಿತ್ರವ್ವ ತಾನೂ ಬರುತ್ತೇನೆಂದು ಹೊರಟಳು. ಸೋಗು ಹೌದೋ ಅಲ್ಲವೋ ಕಿವಿಯಾರೆ ಕೇಳಬೇಕಾಗಿತ್ತು. ಡಾಕ್ಟರರು ಅಕ್ಷರದ ಹಲಗೆ ಓದಿಸಿದರು, ಔಷಧ ಹಾಕಿ ಬ್ಯಾಟರಿ ಬಿಟ್ಟು ನೋಡಿದರು. "ಕಣ್ಣು ಚೊಲೋ ಅದಾವು. ಚಷ್ಮಾದ ಜರೂರಿನೂ ಇಲ್ಲ" ಎಂದರು. ಆಮೇಲೆ ಅವಳ ಕೊರಳನ್ನು ನೋಡಿದರು. ಬಲಗಡೆ ಕಿವಿಯ ಕೆಳಗಿನಿಂದ ಭುಜದವರೆಗೆ ಅಂಗೈ ಅಗಲ ಕಪ್ಪು ಕಲೆ. ಅಲ್ಲಿ ಚರ್ಮ ಬಿಗಿದುಕೊಂಡು, ಆ ಕಡೆಯ ಕೊರಳು ಇನ್ನೊಂದಕ್ಕಿಂತ ಸಣ್ಣಗಾಗಿತ್ತು.

"ಇದೇನಾಗಿತ್ತು?"

ರೇಣುಕವ್ವ ಬಾಯಿ ತೆರೆಯುವ ಮೊದಲೇ ಸುಮಿತ್ರವ್ವ ಹೇಳಿದಳು: "ಸಣ್ಣಾಕಿದ್ದಾಗ ಕಾದ ಹಾಲು ಬಿದ್ದಿತ್ತಂತ್ರಿ. ಲಗ್ನದ ಮೊದ್ಲ ಹೇಳಿದ್ರು ಅವರು. ನಾವೂ ಅದಕ್ಕೇನಂತ ಸುಮ್ನಾದ್ವಿ."

ಡಾಕ್ಟರರು ರೇಣುಕವ್ವನ ಮುಖ ನೋಡಿದರು. ಅವಳು ತಲೆ ತಗ್ಗಿಸಿದಳು. ಅವರು ಶಕ್ತಿಯ ಗುಳಿಗೆ ಬರೆದುಕೊಟ್ಟರು.

ವಾಪಸ್ಸು ಬರುವಾಗ ಸುಮಿತ್ರವ್ವ ಸಂತೆಯಲ್ಲಿ ಬದನೆಕಾಯಿ ಆರಿಸಲು ನಿಂತಳು. ಗಂಡ-ಹೆಂಡತಿ ಚಹಾದಂಗಡಿಯ ಬಾಕಿನ ಮೇಲೆ ಕುಳಿತರು. ಚನ್ನಬಸವಣ್ಣ ಬಸಿಯಲ್ಲಿ ಚಹಾ ಸುರಿದು ಅವಳ ಮುಂದೆ ಸರಿಸಿದ.

"ನನಗ ಹೇಳದ್ದು ಏನರ ಐತೇನು?"

"ಏನೈತ್ರಿ? ಏನಿಲ್ಲ."



*

ಯುಗಾದಿಯಾದ ಮೇಲೆ ತಂಗಿ ಫಕ್ಕೀರವ್ವನ ಲಗ್ನದ ಶ್ಯಾವಿಗೆ ಮಾಡಲೆಂದು ರೇಣುಕವ್ವ ಡೋಣಿಗೆ ಹೋದಳು. ಗಂಡು ಮುಂಡರಗಿಯವನು, ಕಿರಾಣಿ ಅಂಗಡಿಯ ಮನೆ. ಬಸವ ಜಯಂತಿಯ ಮುಂದಿನ ವಾರಕ್ಕೆ ಮುಹೂರ್ತ ನಿಶ್ಚಯವಾಗಿತ್ತು. ಫಕ್ಕೀರವ್ವ ಅಂಗಳದಲ್ಲಿ ಓಣಿಯ ಹೆಂಗಸರೊಂದಿಗೆ ಕುಳಿತು ಶ್ಯಾವಿಗೆ ಎಳೆಯುತ್ತ ನಗುತ್ತಿದ್ದಳು. ರೇಣುಕವ್ವ ತಾಯಿ ಮುತ್ತವ್ವನನ್ನು ಹಿತ್ತಲಿಗೆ ಕರೆದೊಯ್ದು ಎಲ್ಲವನ್ನೂ ಹೇಳಿದಳು.

ಮುತ್ತವ್ವ ಮಗಳ ಕೊರಳು ಮುಟ್ಟಿ ನೋಡಿದಳು. "ಮತ್ತ ಗಂಟು ಬಂದಾವೇನ ಕೊರಳಾಗ?"

"ಗಂಟಿಲ್ಲ ಬೇ. ಕಣ್ಣು, ಕೈ. ಎಲ್ಲಾ ಈ ಕೊರಳಿಂದನ ಅಂತ ನನಗ ಅನಸತೈತಿ. ಡಾಕ್ಟರು ಕೇಳಿದ್ರು, ಇದೇನಂತ."

"ನೀ ಏನಂದಿ?"

"ಅತ್ತೀನ ಅಂದ್ಲು. ಹಾಲು ಬಿದ್ದೈತಿ ಅಂತ."

ಹಾಲು ಬಿದ್ದಿರಲಿಲ್ಲ. ರೇಣುಕವ್ವನಿಗೆ ಆರು ವರ್ಷವಿದ್ದಾಗ ಕೊರಳಲ್ಲಿ ನಿಂಬೆಕಾಯಿಯಷ್ಟು ದಪ್ಪ ಗಂಟುಗಳು ಎದ್ದಿದ್ದವು. ಗದಗಿನ ಡಾಕ್ಟರರೊಬ್ಬರು ಕ್ಯಾನ್ಸರ್ ಎಂದರು, ಮುಂಬೈಗೆ ಒಯ್ಯಿರಿ ಎಂದರು. ತಂದೆ ಹುಚ್ಚೀರಪ್ಪ ಅವತ್ತಿನವರೆಗೆ ಹುಬ್ಬಳ್ಳಿಯನ್ನೂ ದಾಟಿದವನಲ್ಲ. ಮಗಳನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಿ, ಎರಡು ತಿಂಗಳು ಧರ್ಮಶಾಲೆಯಲ್ಲಿ ತಾನೇ ಅನ್ನ ಬೇಯಿಸಿಕೊಂಡಿದ್ದು, ಅವಳಿಗೆ ಕರೆಂಟ, ಅಂದರೆ ಗಂಟು ಸುಡುವ ಕಿರಣಗಳ ಚಿಕಿತ್ಸೆ, ಕೊಡಿಸಿಕೊಂಡು ಬಂದ. ದಿನಾ ಒಂದು ತಣ್ಣನೆಯ ಹಲಗೆಯ ಮೇಲೆ ಅವಳೊಬ್ಬಳನ್ನೇ ಮಲಗಿಸಿ ಎಲ್ಲರೂ ಹೊರಗೆ ಹೋಗುತ್ತಿದ್ದರು, ದೊಡ್ಡ ಮಶೀನು ಗುಂಯ್ ಎನ್ನುತ್ತಿತ್ತು, ಬಾಗಿಲ ಸಣ್ಣ ಗಾಜಿನಾಚೆ ಅಪ್ಪನ ರುಮಾಲು ಕಾಣುತ್ತಿತ್ತು. ಅಷ್ಟು ಅವಳಿಗೆ ನೆನಪಿತ್ತು. ಗಂಟು ಕರಗಿದವು, ಚರ್ಮ ಕಪ್ಪಾಯಿತು. ಊರಿಗೆ ಬಂದ ದಿನ ಮುತ್ತವ್ವ ಮಗಳ ಗಲ್ಲ ಹಿಡಿದು ಕಲಿಸಿದಳು: "ಯಾರರ ಕೇಳಿದ್ರ ಕಾದ ಹಾಲು ಬಿತ್ತು ಅನ್ನು." ಹುಚ್ಚೀರಪ್ಪ ಎರಡನೆಯ ಮಗಳ ಲಗ್ನ ನೋಡಲು ಉಳಿಯಲಿಲ್ಲ. ಅವನು ಹೋಗಿ ಮೂರು ವರ್ಷವಾಗಿತ್ತು.

"ಅತ್ತಿ ಮುಂದ ಖರೆ ಹೇಳಿಬಿಡತೀನಿ ಬೇ" ಎಂದಳು ರೇಣುಕವ್ವ. "ದೊಡ್ಡ ಡಾಕ್ಟರಿಗೆ ತೋರಸಬೇಕು."

ಮುತ್ತವ್ವ ಅವಳ ಎರಡೂ ಕೈ ಹಿಡಿದುಕೊಂಡಳು. "ಇನ್ನ ಐದ ವಾರ ಐತಿ ಮಗಳ. ನಿಮ್ಮತ್ತಿ ಬಾಯಿ ನಿನಗ ಗೊತ್ತಿಲ್ಲೇನು? ಇವತ್ತ ಬೆಟಗೇರ್ಯಾಗ ಅಂದಿದ್ದು ನಾಳೆ ಮುಂಡರಗಿ ಮುಟ್ಟತೈತಿ. ಅಕ್ಕಗ ಕ್ಯಾನ್ಸರ್ ಇತ್ತಂತ, ತಂಗಿಗೂ ಬರತೈತಿ ಅಂತಾರ. ಅಪ್ಪಿಲ್ಲದ ಹುಡುಗಿ ಆಕಿ. ಅಕ್ಕಿಕಾಳು ಬೀಳಲಿ. ಆಮ್ಯಾಲೆ ನಾನ ಬಂದು ನಿಮ್ಮತ್ತಿ ಕಾಲ ಹಿಡಕೊಂಡು ಹೇಳತೀನಿ."

ಅಂಗಳದಿಂದ ಫಕ್ಕೀರವ್ವ ಕೂಗಿದಳು: "ಏ ಅಕ್ಕಾ, ಬಾರವಾ! ನಾ ಎಳದಿದ್ದು ಎಲ್ಲಾರಕಿಂತ ಸಣ್ಣ ಐತಿ ನೋಡು!"

ರೇಣುಕವ್ವ ಕಣ್ಣೊರೆಸಿಕೊಂಡು ಹೊರಗೆ ಹೋದಳು. ಐದು ವಾರ ತಾನೇ ಎಂದುಕೊಂಡಳು.

ಬೆಟಗೇರಿಗೆ ಮರಳಿದ ಮೇಲೆ ಪರದೆಯ ಮಾತನ್ನೇ ಅವಳು ಬಿಟ್ಟಳು. ಅದು ಬಿದ್ದಾಗ ಲಾಳಿಯನ್ನು ಕೆಳಗಿಟ್ಟು ಎಳೆ ಹುಡುಕುವವರಂತೆ ಬಗ್ಗುತ್ತಿದ್ದಳು. "ಶಕ್ತಿ ಗುಳಿಗಿ ಹತ್ಯಾವು ನೋಡು" ಎಂದಳು ಸುಮಿತ್ರವ್ವ ಮಗನಿಗೆ. "ಈಗೆಲ್ಲಿ ಹೋತು ಕತ್ತಲಿ?"

ಲಗ್ನದ ದಿನ ಡೋಣಿಯ ಹಂದರದಲ್ಲಿ ಅಕ್ಕಿಕಾಳು ಹಾಕುವ ಹೊತ್ತಿಗೆ, ಬಲಗೈಯಿಂದ ಹಾಕಲೆಂದು ಅಕ್ಕಿ ಹಿಡಿದಿದ್ದ ರೇಣುಕವ್ವನ ಎಡಗೈ ಜೋಮು ಹಿಡಿಯಿತು. ಮುಷ್ಟಿಯಲ್ಲಿದ್ದ ಅಕ್ಕಿ ಬೆರಳ ಸಂದಿಯಿಂದ ಜಾರಿ ಅವಳ ಕಾಲ ಮೇಲೆಯೇ ಬಿತ್ತು. ಮುತ್ತವ್ವ ಅದನ್ನು ನೋಡಿದಳು. ಸಂಜೆ ಮದುಮಕ್ಕಳ ಗಾಡಿ ಹೋದ ಮೇಲೆ ರೇಣುಕವ್ವ, "ಯಾವಾಗ ಬರತೀ ಬೇ?" ಎಂದು ಕೇಳಿದಳು.

"ಈಗರ ಹೋಗ್ಯಾಳ ಹುಡುಗಿ. ಒಂದ ಹುಣ್ಣಿವಿ ಕಳೀಲಿ. ಆ ಮನ್ಯಾಗ ಆಕಿ ಕಾಲು ಊರಲಿ."



*

ಕಾರಹುಣ್ಣಿಮೆಯ ಮುಂಜಾನೆ ಕರಿಗಡುಬಿಗೆ ಹೂರಣ ರುಬ್ಬಿಟ್ಟು ಸುಮಿತ್ರವ್ವ ಹಿತ್ತಲಿಗೆ ಹೋಗಿದ್ದಳು. ಬಂದು ನೋಡಿದರೆ ಒಲೆಯ ಮೇಲೆ ಎಣ್ಣೆ ಹೊಗೆಯಾಡುತ್ತಿತ್ತು. ರೇಣುಕವ್ವ ಗೋಡೆಗೆ ಒರಗಿದ್ದಳು, ಎಡಗೈ ನೆಲದ ಮೇಲೆ ಯಾರದೋ ಕೈಯಂತೆ ಬಿದ್ದಿತ್ತು, ತುಟಿ ಒಂದು ಕಡೆ ಜೋತಿತ್ತು.

"ಅತ್ತೀ," ಎಂದಳು, ನಾಲಿಗೆ ದಪ್ಪವಾದವರಂತೆ, "ಪರದಿ ಏಳವಲ್ದು."

ಸುಮಿತ್ರವ್ವ ಬಾಣಲೆಯನ್ನು ಬರಿಗೈಯಿಂದಲೇ ಒಲೆಯಿಂದ ಎಳೆದು ಇಳಿಸಿದಳು. ಓಣಿಗೆ ಓಡಿ ಟಾಂಗಾ ತಂದವಳೂ ಅವಳೇ. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಕೈಗೆ ಹೂರಣ ಹತ್ತಿಕೊಂಡಿತ್ತು. ಹುಬ್ಬಳ್ಳಿಯವರೆಗೆ ಬಾಡಿಗೆ ಮೋಟಾರಿನಲ್ಲಿ, ಮಗನನ್ನು ಮುಂದೆ ಕೂಡಿಸಿ, ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಸುಟ್ಟ ಬೆರಳುಗಳಲ್ಲಿ ಬೊಬ್ಬೆ ಎದ್ದದ್ದು ಅವಳಿಗೆ ತಿಳಿದದ್ದು ಸಂಜೆಗೆ.

ಹುಬ್ಬಳ್ಳಿಯ ಡಾಕ್ಟರರು ವಯಸ್ಸಾದವರು. ಕಣ್ಣು ನೋಡಿದರು, ಕೈಕಾಲು ಎತ್ತಿ ನೋಡಿದರು, ಆಮೇಲೆ ಎದೆಗಿಡುವ ನಳಿಗೆಯನ್ನು ಕೊರಳಿನ ಬಲಗಡೆ ಇಟ್ಟು ಬಹಳ ಹೊತ್ತು ಕೇಳಿದರು.

"ಇಲ್ಲಿ ಏನಾಗಿತ್ತು?"

"ಸಣ್ಣಾಕಿದ್ದಾಗ ಹಾಲು..." ಎಂದು ಸುಮಿತ್ರವ್ವ ಶುರುಮಾಡಿದಳು.

"ಹಾಲಲ್ಲ," ಎಂದಳು ರೇಣುಕವ್ವ. ಮಾತು ತೊದಲುತ್ತಿತ್ತು, ಆದರೂ ಎಲ್ಲರಿಗೂ ತಿಳಿಯಿತು. "ಕರೆಂಟ. ಮುಂಬೈದಾಗ. ಆರ ವರ್ಷದಾಕಿ ಇದ್ದಾಗ. ಗಂಟಿದ್ದುವು."

 ಡಾಕ್ಟರರು ಚನ್ನಬಸವಣ್ಣನನ್ನು ಹೊರಗೆ ಕರೆದು ಬಾಕಿನ ಮೇಲೆ ಕೂಡ್ರಿಸಿಕೊಂಡು ಹೇಳಿದರು: "ಆವಾಗ ಕರೆಂಟ ಕೊಡದಿದ್ರ ಈಕಿ ಉಳೀತಿದ್ದಿಲ್ಲ. ಅದು ಖರೆ. ಆದ್ರ ಅದ ಕರೆಂಟ ಕೊರಳಾಗಿನ ರಕ್ತದ ನಾಳಾನೂ ಸುಟ್ಟೈತಿ. ವರ್ಷಾ ವರ್ಷಾ ಅದು ಒಳಗ ಬಿರುಸಾಗಿ, ಸಣ್ಣಾಗಿ, ಈಗ ದಾರದಷ್ಟ ಉಳದೈತಿ. ಆ ನಾಳದಿಂದನ ಕಣ್ಣಿಗೂ ಮಿದುಳಿಗೂ ರಕ್ತ ಹೋಗೋದು. ಬಲಗಡೆ ಮಿದುಳಿಗೆ ರಕ್ತ ಸಿಗದಿದ್ರ ಎಡಗಡೆ ಕೈಕಾಲು ಬೀಳತಾವು. ಇಪ್ಪತ್ತ ವರ್ಷದ ಮ್ಯಾಲೆ ಹಿಂಗಾಗತೈತಿ ಅಂತ ಅವತ್ತು ಕೊಟ್ಟವರಿಗೂ ಗೊತ್ತಿರಲಿಲ್ಲ. ಪರದಿ ಬಿದ್ದು ಏಳೋದು, ಕೈ ಜೋಮು ಹಿಡಿಯೋದು, ಇವೆಲ್ಲಾ ಮುನ್ಸೂಚನಾ."

"ಮೊದ್ಲ ಬಂದಿದ್ರರೀ?"

ಡಾಕ್ಟರರು ಚಷ್ಮಾ ತೆಗೆದು ಒರೆಸಿದರು. "ರಕ್ತ ಹೆಪ್ಪುಗಟ್ಟದಂಗ ಒಂದ ಗುಳಿಗಿ ಕೊಡತಿದ್ದೆ. ತಪ್ಪತಿತ್ತು ಅಂತ ನಾ ಹೇಳಾಂಗಿಲ್ಲ. ತಪ್ಪತಿದ್ದಿಲ್ಲ ಅಂತನೂ ಹೇಳಾಂಗಿಲ್ಲ."

ಇಪ್ಪತ್ತು ದಿನದ ಮೇಲೆ ಮನೆಗೆ ಬಂದರು. ತುಟಿ ನೆಟ್ಟಗಾಗಿತ್ತು, ಮಾತು ಸ್ಪಷ್ಟವಾಗಿತ್ತು. ಎಡಗಾಲು ಎಳೆಯುತ್ತಿತ್ತು, ಎಡಗೈ ಬೆರಳು ಮಡಚಿಕೊಂಡೇ ಇತ್ತು. ಬಲಗಣ್ಣು ಹೋಗಿತ್ತು. ಕನ್ನಡಿಯಲ್ಲಿ ನೋಡಿದರೆ ಆ ಕಣ್ಣು ಇನ್ನೊಂದರಂತೆಯೇ ಕಾಣುತ್ತಿತ್ತು. ಉಳಿದ ಎಡಗಣ್ಣಿಗೂ, ಉಳಿದ ಬಲಗೈಗೂ ಭರವಸೆ ಕೊಡಲು ಬರುವುದಿಲ್ಲ, ಕರೆಂಟ ಕೊರಳ ಎರಡೂ ಕಡೆ ಮುಟ್ಟಿರಬಹುದು, ಗುಳಿಗೆ ತಪ್ಪಿಸಬೇಡಿ ಎಂದಿದ್ದರು ಡಾಕ್ಟರರು.

ಚನ್ನಬಸವಣ್ಣ ಹೆಂಡತಿಗೆ ಹೊತ್ತುಹೊತ್ತಿಗೆ ಗುಳಿಗೆ ಕೊಡುತ್ತಿದ್ದ, ಜಳಕಕ್ಕೆ ನೀರು ಇಡುತ್ತಿದ್ದ, ಮಾತು ಮಾತ್ರ ಆಡುತ್ತಿರಲಿಲ್ಲ. ಎಂಟನೆಯ ದಿನ ಕೇಳಿದ:

"ಚಾದಂಗಡ್ಯಾಗ ನಾ ಕೇಳಿದ್ನೋ ಇಲ್ಲೋ?"

"ಕೇಳಿದ್ರಿ."

"ಹೇಳಾಕ ಏನಾಗಿತ್ತು? ನಾ ಯಾರ ಮುಂದ ಹೇಳತಿದ್ದೆ?"

"ನಿಮ್ಮವ್ವನ ಮುಂದ."

 ಚನ್ನಬಸವಣ್ಣ ಎದ್ದು ಹೋಗಿ ಮಗ್ಗದಲ್ಲಿ ಕುಳಿತ. ಸುಮಿತ್ರವ್ವ ರಾಟಿ ತಿರುಗಿಸುತ್ತಲೇ ಇದ್ದಳು. ಇಬ್ಬರ ಮಾತೂ ಅವಳಿಗೆ ಕೇಳಿಸಿತ್ತು.

*

ಆಷಾಢದಲ್ಲಿ ಮುಂಡರಗಿಯಿಂದ ಫಕ್ಕೀರವ್ವ ಅತ್ತೆಯನ್ನು ಕರೆದುಕೊಂಡು ಅಕ್ಕನನ್ನು ನೋಡಲು ಬಂದಳು. ಮುತ್ತವ್ವನೂ ಡೋಣಿಯಿಂದ ಬಂದಿದ್ದಳು. ಮುಂಡರಗಿಯ ಬೀಗತಿ ಬಾಳೆಹಣ್ಣು, ಚುರುಮುರಿ ಕೊಟ್ಟು, ರೇಣುಕವ್ವನ ತಲೆ ಸವರಿದಳು. "ಮೊದ್ಲ ಹೇಳಿದ್ರೂ ನಾವೇನ ಬ್ಯಾಡ ಅಂತಿದ್ವೇನ್ರಿ? ಯಾರ ಮನ್ಯಾಗ ಬ್ಯಾನಿ ಇಲ್ಲ?" ಎಂದಳು.

 ಫಕ್ಕೀರವ್ವ ತಾಯಿಯನ್ನು ಅಡಿಗೆಮನೆಗೆ ಕರೆದಳು, ಆದರೆ ಮಾತು ಪಡಸಾಲೆಗೆ ಕೇಳುತ್ತಿತ್ತು.

"ನನ್ನ ಒಂದ ಮಾತು ಕೇಳಿದ್ರ ಏನಾಕ್ಕಿತ್ತು? ಅಕ್ಕ ಬೇಕೋ ಲಗ್ನ ಬೇಕೋ ಅಂತ?"

"ನಿನ್ನ ಸಲವಾಗಿನ ಮಗಳ..."

"ಅದನ್ನ ಹೇಳಬ್ಯಾಡ! ನನ್ನ ಸಲವಾಗಿ ಅಂತ ಇನ್ನೊಮ್ಮಿ ಅಂದ್ರ ನಾ ಡೋಣಿಗೆ ಕಾಲ ಇಡಾಂಗಿಲ್ಲ. ನಾ ಸಾಯೋತನಾ ಅದನ್ನ ಹೊತ್ಕೊಂಡು ತಿರಗಬೇಕೇನು?"

ರೇಣುಕವ್ವ ಪಡಸಾಲೆಯಿಂದ, "ಫಕ್ಕೀರೀ, ಸಾಕು ಬಿಡು. ಚಾ ಆರತೈತಿ" ಎಂದಳು.

ಪಂಚಮಿಗೆ ಎರಡು ದಿನವಿರುವಾಗ ಮುತ್ತವ್ವ ಮತ್ತೆ ಬಂದಳು. ಈ ಸಲ ಕೈಯಲ್ಲಿ ಉಂಡಿಯ ಗಂಟಿತ್ತು. ಹೊಸ್ತಿಲೊಳಗೆ ಬಂದವಳು ಕೂಡಲಿಲ್ಲ.

"ಬೀಗತ್ಯಾರ, ಈಕೀನ ನಾ ಕರಕೊಂಡ ಹೋಗತೀನ್ರಿ. ಹಬ್ಬಕ್ಕಂತ ಅಲ್ಲ. ಹೊಳ್ಳಿ ಕಳಸಾಂಗಿಲ್ಲ. ಕೈ ಇಲ್ಲದಾಕಿ, ಕಣ್ಣಿಲ್ಲದಾಕಿ, ನಿಮಗ ಯಾಕ ಭಾರ? ನಾ ಮಾಡಿದ್ದು, ನಾ ಸಾಕತೀನಿ. ಚನ್ನಬಸವಣ್ಣಗ ಬ್ಯಾರೆ ಹೆಣ್ಣು ಮಾಡ್ಕೋರಿ, ನಾ ಬ್ಯಾಡ ಅನ್ನಾಂಗಿಲ್ಲ."

ಪುಂಡಲೀಕಪ್ಪ ಲಾಳಿ ನಿಲ್ಲಿಸಿದ. ಸುಮಿತ್ರವ್ವ ರಾಟಿ ಬದಿಗೆ ಸರಿಸಿ ಎದ್ದಳು.

"ಒಯ್ರಿ ಅಂತ ನಿಮಗ ಯಾರ ಹೇಳಿದ್ರು?"

"ಯಾರೂ ಇಲ್ರಿ. ನನ್ನ ತಪ್ಪೈತಿ. ಖರೆ ಹೇಳಿ ಕೊಡಬೇಕಾಗಿತ್ತು ಹೆಣ್ಣ."

"ಮುಂಡರಗಿಯಾಕಿ ಅಂದ್ಲು, ಮೊದ್ಲ ಹೇಳಿದ್ರೂ ಬ್ಯಾಡ ಅಂತಿದ್ದಿಲ್ಲ ಅಂತ. ಲಗ್ನ ಮುಗದ ಮ್ಯಾಲೆ ಎಲ್ಲಾರೂ ಹಂಗ ಅಂತಾರ." ಸುಮಿತ್ರವ್ವನ ದನಿ ಎಂದಿನಂತೆಯೇ ಬಿರುಸಾಗಿತ್ತು. "ನಾ ಅಂಥಾಕಿ ಅಲ್ಲ. ನೀವು ಅವತ್ತ ಕ್ಯಾನ್ಸರ್ ಅಂದಿದ್ರ ನಾ ನಿಮ್ಮ ಮನ್ಯಾಗ ನೀರೂ ಕುಡೀದ ಎದ್ದು ಬರತಿದ್ದೆ. ಖರೆ ಹೇಳತೀನಿ. ನೀವು ಸುಳ್ಳು ಹೇಳಿದ್ದಕ್ಕ ಈಕಿ ನನ್ನ ಮನಿಗೆ ಬಂದ್ಲು. ನೀಲವ್ವ ಹುಟ್ಟಿದ್ಲು. ನಾ ಈಕಿಗೆ ಸೋಗು ಅಂತಿದ್ದೆ. ಎರಡ ತಿಂಗಳ ಅಂದೀನಿ. ಆಕಿ ಕುರಡಾಗಾಕ ಹತ್ತಿದ್ಲು, ನಾ ಉಣ್ಣಾಕ ಕುಂತಾಗೆಲ್ಲಾ ಅಂತಿದ್ದೆ."  ಸೆರಗಿನಿಂದ ಬಾಯಿ ಒತ್ತಿಕೊಂಡು ಅವಳು ಗೋಡೆಯ ಕಡೆಗೆ ತಿರುಗಿದಳು.

ಮುತ್ತವ್ವ ಹೊಸ್ತಿಲ ಮೇಲೆ ಕುಳಿತಳು. ಉಂಡಿಯ ಗಂಟು ಕೈಯಿಂದ ಉರುಳಿತು. ನೀಲವ್ವ ಓಡಿಬಂದು ಅದನ್ನು ಎತ್ತಿಕೊಂಡು ತಾಯಿಯ ಮಡಿಲಲ್ಲಿ ಇಟ್ಟಿತು.

"ಯಾರರ ಆಕೀನ ಕೇಳ್ರಿ" ಎಂದ ಪುಂಡಲೀಕಪ್ಪ. "ಆಕಿ ಏನಂತಾಳ."

ಎಲ್ಲರೂ ಅವಳ ಕಡೆ ನೋಡಿದರು. ರೇಣುಕವ್ವ ಒಂದೇ ಕೈಯಿಂದ ಗಂಟು ಬಿಚ್ಚಲು ನೋಡುತ್ತಿದ್ದಳು. ಹಲ್ಲಿನಿಂದ ಕಚ್ಚಿ ಎಳೆದು ಬಿಚ್ಚಿ, ಮಗಳಿಗೆ ಒಂದು ಶೇಂಗಾ ಉಂಡಿ ಕೊಟ್ಟಳು.

"ನಾ ಇಲ್ಲೇ ಇರತೀನಿ ಬೇ" ಎಂದಳು ತಾಯಿಗೆ. "ಇಟ್ಕೊಂಡ್ರ."

"ಇಟ್ಕೊಂಡ್ರ ಅಂತಾಳ ನೋಡು!" ಸುಮಿತ್ರವ್ವ ಗೋಡೆಯ ಕಡೆಯಿಂದಲೇ ಬೈದಳು.

"ನನ್ನ ಮ್ಯಾಲೆ ಸಿಟ್ಟೈತೇನು?" ಮುತ್ತವ್ವ ಮಗಳನ್ನು ಕೇಳಿದಳು. "ಇದ್ರ ಅಂದುಬಿಡ ಮಗಳ. ಬೈದುಬಿಡು."

ರೇಣುಕವ್ವ ನೀಲವ್ವನ ಬಾಯಿಗೆ ಅಂಟಿದ ಪುಡಿ ಒರೆಸಿದಳು. "ಸಣ್ಣಾಕಿದ್ದಾಗ ಕಲಿಸಿದ್ದಕ್ಕ ಸಿಟ್ಟಿಲ್ಲ. ಲಗ್ನ ಮುಗದ ಮ್ಯಾಲೆ ಬರತೀನಿ ಅಂದಿದ್ದಿ. ನಾ ದಿನಾ ಬಾಗಲಾ ನೋಡತಿದ್ದೆ."

ಮುತ್ತವ್ವ ತಲೆಯಾಡಿಸಿದಳು. ಊಟ ಮಾಡಿ ಎಂದರೂ ಮಾಡಲಿಲ್ಲ. ಒಂದು ಲೋಟ ಮಜ್ಜಿಗೆ ಕುಡಿದು, ನಾಲ್ಕು ಗಂಟೆಯ ಬಸ್ಸಿಗೆ ಹೊರಟಳು.

ರೇಣುಕವ್ವ ತಾನೂ ಬರುತ್ತೇನೆಂದು ಹಟ ಹಿಡಿದಳು. ಚನ್ನಬಸವಣ್ಣ ಟಾಂಗಾದಲ್ಲಿ ಇಬ್ಬರನ್ನೂ ಗದಗಿನ ಬಸ್ ಸ್ಟ್ಯಾಂಡಿಗೆ ಕರೆತಂದ. ಪಂಚಮಿಗೆ ತವರಿಗೆ ಹೋಗುವ ಹೆಣ್ಣುಮಕ್ಕಳು ಹೊಸ ಸೀರೆಯುಟ್ಟು, ಕೂಸುಗಳನ್ನು ಎತ್ತಿಕೊಂಡು ಬಸ್ಸಿನ ತುಂಬ ನಿಂತಿದ್ದರು. ಮುತ್ತವ್ವ ಅವರ ನಡುವೆ ದಾರಿ ಮಾಡಿಕೊಂಡು ಕಿಟಕಿಯ ಹತ್ತಿರ ಕುಳಿತಳು. ಅದು ರೇಣುಕವ್ವನ ಬಲಗಡೆ, ಕಾಣದ ಕಣ್ಣಿನ ಕಡೆ. ರೇಣುಕವ್ವ ಗಂಡನ ತೋಳು ಹಿಡಿದುಕೊಂಡು, ತಾಯಿ ಹಿಂದಿನ ಬಾಗಿಲಲ್ಲಿ ಎಲ್ಲಾದರೂ ಕಂಡಾಳೆಂದು ಎಡಕ್ಕೆ, ಬಸ್ಸಿನ ಹಿಂಬದಿಯ ಕಡೆಯೇ ನೋಡುತ್ತ ನಿಂತಳು. ಬಸ್ಸು ಹೊರಟಿತು. ಮುತ್ತವ್ವ ಕಿಟಕಿಯಿಂದ ಕೈ ಹೊರಗೆ ಚಾಚಿ ಬೀಸಿದಳು. ಮಗಳು ತಿರುಗಲಿಲ್ಲ. ಮತ್ತೆ ಬೀಸಿದಳು.

ಚನ್ನಬಸವಣ್ಣನಿಗೆ ಅದು ತಡವಾಗಿ ಹೊಳೆಯಿತು. "ನಿಮ್ಮವ್ವ ಕೈ ಮಾಡಾಕತ್ತಾಳ. ಈ ಕಡೆ, ಈ ಕಡೆ ಹೊಳ್ಳು."

ಅವಳು ಕಾಲೆಳೆದುಕೊಂಡು ಪೂರ್ತಿ ತಿರುಗುವಷ್ಟರಲ್ಲಿ ಬಸ್ಸು ಮೂಲೆ ದಾಟಿತ್ತು. ಧೂಳು ಮಾತ್ರ ಇತ್ತು.

"ಭಾಳ ಹೊತ್ತು ಬೀಸಿದ್ಲೇನ್ರಿ?"

"ಕಾಣೋತನಾ ಬೀಸಿದ್ಲು."

"ನಾ ಸಿಟ್ಟಲೆ ನೋಡಲಿಲ್ಲ ಅಂದ್ಕೋತಾಳ" ಎಂದಳು ರೇಣುಕವ್ವ. ಮುಂದಿನ ಬಸ್ಸಿನವರು ಹಿಂದೆ ಸರಿಯಿರಿ ಎಂದು ಕೂಗುತ್ತಿದ್ದರೂ ಅವಳು ಅಲ್ಲಿಂದ ಕದಲಲಿಲ್ಲ.